ರುಚಿ ನೋಡದೆ ಸುಟ್ಟ ಕೋಳಿ

ನಮ್ಮ ಮನೆಯಲ್ಲಿ ಅಡಿಗೆ ಮಾಡುವವರು ರುಚಿ ನೋಡುವುದಿಲ್ಲ. ಮದುವೆಯಾಗಿ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಬಂದ ಮೊದಲ ವಾರವೇ ಇದನ್ನು ಕಲಿತೆ. ಸಾರಿನ ಹನಿಯನ್ನು ಅಂಗೈಗೆ ಹಾಕಿಕೊಂಡು ನೆಕ್ಕಲು ಹೋದಾಗ ಅತ್ತೆ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ನನ್ನ ಗಂಡ ಕಂದೂರಿಯ ಅಡಿಗೆಯವರು. ಹರಕೆ ಹೊತ್ತವರು, ಹಿಂದೂಗಳಿರಲಿ ಮುಸಲ್ಮಾನರಿರಲಿ, ದರ್ಗಾದ ಮುಂದೆ ಕುರಿ ಕೊಯ್ಯಿಸಿ ಮಂದಿಗೆ ಊಟ ಹಾಕುತ್ತಾರಲ್ಲ, ಅದೇ ಕಂದೂರಿ. ಫಾತಿಹಾದ ಪ್ರಾರ್ಥನೆ ಓದಿ ಮುಗಿಯುವ ತನಕ ಆ ಅಡಿಗೆಯ ಒಂದು ಹನಿಯೂ ಯಾರ ನಾಲಗೆಗೂ ತಾಗಬಾರದು. ಮೊದಲ ತುತ್ತು ದರ್ಗಾದ ಪೀರನಿಗೆ, ಆಮೇಲೆ ಮನುಷ್ಯರಿಗೆ. ಹೊರಗಿನ ಆ ನೇಮ ಮನೆಯೊಳಗೂ ಬಂದು ಕೂತಿತ್ತು. ಉಣ್ಣುವವರು ಉಂಡ ಮೇಲೆಯೇ ಮಾಡಿದವರು ಉಣ್ಣಬೇಕು, ಅದಕ್ಕೂ ಮೊದಲು ಎಂಜಲು ಮಾಡಬಾರದು.

ಹಾಗಾದರೆ ಉಪ್ಪು ಸರಿಯಾಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ನಾನೂ ಕೇಳಿದ್ದೆ. ನನ್ನ ಗಂಡ ನಕ್ಕು, ಕಂದೂರಿಯ ದೊಡ್ಡ ಹಂಡೆ, ಆ ದೇಗಿನ ಮುಚ್ಚಳ ಸರಿಸಿ ಬರುವ ಹಬೆಗೆ ಮೂಗು ಕೊಡಬೇಕು ಎಂದಿದ್ದರು. ಉಪ್ಪು ಕಡಿಮೆಯಿದ್ದರೆ ಮಾಂಸದ ವಾಸನೆ ಹಸಿಹಸಿಯಾಗಿ ಮುಂದೆ ಬರುತ್ತದಂತೆ, ಹೆಚ್ಚಾದರೆ ಮಸಾಲೆ ಹಿಂದೆ ಸರಿಯುತ್ತದಂತೆ. ಇದನ್ನು ಅವರಿಗೆ ಕಲಿಸಿದ್ದು ಕೋಟೆ ಹಿಂದಿನ ಓಣಿಯ ಮುದುಕ ಉಸ್ತಾದರೊಬ್ಬರು. "ನಾಲಿಗಿ ಸುಳ್ಳು ಹೇಳ್ತದ, ಮೂಗು ಹೇಳಂಗಿಲ್ಲ" ಎಂಬುದು ಆ ಉಸ್ತಾದರ ಮಾತು. ನನ್ನ ಗಂಡ ಅದನ್ನು ಮಂತ್ರದ ಹಾಗೆ ಆಡುತ್ತಿದ್ದರು. ನಿರ್ಣಾ, ಹುಡಗಿ, ಬೇಮಳಖೇಡ, ಯಾವ ಊರಲ್ಲೇ ಕಂದೂರಿ ಇರಲಿ, ಇವರು ಬಂದರೆ ಉಪ್ಪಿನ ಚಿಂತೆಯಿಲ್ಲ ಎಂದು ಜನ ಹೇಳುವುದನ್ನು ನಾನೇ ಕೇಳಿದ್ದೇನೆ. ಮನೆಯಲ್ಲಂತೂ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ "ಬ್ಯಾಳಿಗಿ ಉಪ್ಪು ಕಮ್ಮಿ ಆಗ್ಯಾದ" ಎನ್ನುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಕನ್ನಡ ಶಾಲೆಯಲ್ಲಿ ಇಡೀ ದಿನ ಮಕ್ಕಳ ಜೊತೆ ಗಂಟಲು ಹರಿದುಕೊಂಡು ಬಂದು ಒಲೆ ಹಚ್ಚಿದವಳು, ಒಳಗೆ ಬರುವ ಮೊದಲೇ ತಪ್ಪು ಎಣಿಸಿದರೆ ಹೇಗಾಗಬೇಡ? ಬೈಯುತ್ತಿದ್ದೆ. ಅವರು ಹೇಳಿದ ಹಾಗೆ ಉಪ್ಪೂ ಹಾಕುತ್ತಿದ್ದೆ. ಒಂದು ದಿನವೂ ಅವರ ಲೆಕ್ಕ ತಪ್ಪಿದ್ದಿಲ್ಲ.

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಬರುವುದೆಲ್ಲ ಅದರಿಂದಲೇ ಆದದ್ದು.

ಅವರ ಎರಡೂ ಕಿಡ್ನಿ ಹೋಗಿವೆ ಎಂದು ಗೊತ್ತಾದಾಗ ನಾನು ನಿವೃತ್ತಳಾಗಿ ಒಂದು ವರ್ಷವೂ ಆಗಿರಲಿಲ್ಲ. ಬಿ.ಪಿ. ಹಳೆಯದು, ಗುಳಿಗೆ ನುಂಗಿದ ದಿನ ನುಂಗಿದರು, ಬಿಟ್ಟ ದಿನ ಬಿಟ್ಟರು. ಕಾಲು ಬಾತಾಗ ದೇಗಿನ ಮುಂದೆ ನಿಂತು ನಿಂತು ಹಾಗಾಗಿದೆ ಎಂದುಕೊಂಡೆವು. ರಕ್ತ ಶುದ್ಧ ಮಾಡುವ ಯಂತ್ರದ ಸರದಿ ನಮಗೆ ಸಿಕ್ಕಿದ್ದು ಹುಮನಾಬಾದಿನಲ್ಲಿ. ಮಂಗಳವಾರ, ಗುರುವಾರ, ಶನಿವಾರ. ಬೆಳಿಗ್ಗೆ ಬಸ್ಸು ಹತ್ತಿ ಬಂಗ್ಲಾ, ರಾಜೇಶ್ವರ ಎಂಬ ಊರುಗಳನ್ನು ದಾಟಿ ಹೋಗುವುದು, ನಾಲ್ಕು ತಾಸು ಯಂತ್ರಕ್ಕೆ ಕೈ ಕೊಟ್ಟು ಮಲಗುವುದು, ಮುಗಿದ ಮೇಲೆ ಅಲ್ಲೇ ಇರುವ ಮಗಳ ಮನೆಯಲ್ಲಿ ಒಂದಿಷ್ಟು ಅಡ್ಡಾಗಿ ಮತ್ತೆ ಬಸ್ಸು. ನನ್ನ ತವರೂರಿಗೆ ವಾರಕ್ಕೆ ಮೂರು ಸಲ ಹೋಗುವ ಭಾಗ್ಯ ಈ ರೀತಿ ಬಂತು.

ದವಾಖಾನೆಯವರು ಉಣ್ಣುವ ಬಗ್ಗೆ ಒಂದು ಹಾಳೆ ಕೊಟ್ಟರು. ನೀರು ಅಳೆದು ಕುಡಿಯಬೇಕು. ಬಾಳೆಹಣ್ಣು, ಎಳನೀರು, ಟೊಮ್ಯಾಟೊ ಬೇಡ. ಉಪ್ಪು ಬೇಡವೇ ಬೇಡ. ಆದರೆ ಕೋಳಿ, ಮೀನು, ಮೊಟ್ಟೆಯ ಬಿಳಿ ಭಾಗ ಮಾತ್ರ ಬೇಕೇ ಬೇಕು, ಯಂತ್ರ ರಕ್ತದ ಕಸದ ಜೊತೆ ಮೈಯ ಸತ್ವವನ್ನೂ ಎಳೆದುಕೊಳ್ಳುತ್ತದೆ, ಮಾಂಸ ತಿನ್ನದಿದ್ದರೆ ಮನುಷ್ಯ ಉಳಿಯುವುದಿಲ್ಲ ಎಂದು ಅಲ್ಲಿನ ನರ್ಸಮ್ಮ ಬಿಡಿಸಿ ಹೇಳಿದಳು. ಉಪ್ಪಿಲ್ಲದ ಮಾಂಸ! ಜೀವಮಾನವೆಲ್ಲ ಉಪ್ಪಿನ ಲೆಕ್ಕ ಹೇಳಿ ಬದುಕಿದ ಮನುಷ್ಯನಿಗೆ. ಅವರು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಓವನ್ ಬಂದದ್ದು ಆಗ. ಮಗಳ ಮದುವೆಯ ಆಯೇರಿಯಲ್ಲಿ ಬಂದು, ಡಬ್ಬಿಯಿಂದ ಹೊರಗೇ ಬಾರದೆ ಅವಳ ಮಂಚದ ಕೆಳಗೆ ಬಿದ್ದಿತ್ತು. ಎಣ್ಣೆಯಿಲ್ಲದೆ ಸುಟ್ಟರೆ ಮಾಂಸಕ್ಕೆ ತನ್ನದೇ ರುಚಿ ಬರುತ್ತದೆ, ಉಪ್ಪು ಇಲ್ಲದ್ದು ಅಷ್ಟು ಗೊತ್ತಾಗುವುದಿಲ್ಲ ಎಂದು ಅವಳು ಎಲ್ಲೋ ನೋಡಿದ್ದಳು. ಅಳಿಯ ಅದನ್ನು ನಮ್ಮ ಜೊತೆಗೇ ಬಸ್ಸಿಗೆ ಹಾಕಿಕೊಟ್ಟ. ಅಡಿಗೆಮನೆಯ ಕಟ್ಟೆಯ ಮೇಲೆ ಅದನ್ನು ಇಟ್ಟಾಗ ನನ್ನ ಗಂಡ ಸುತ್ತಲೂ ತಿರುಗಿ ನೋಡಿ, "ಇದಕ್ಕ ಬೆಂಕಿ ಎಲ್ಲಿ ಅದ?" ಎಂದರು. ನಾನು ಸ್ವಿಚ್ಚು ಒತ್ತಿದೆ. ಒಳಗಿನ ಸಳಿಗಳು ಕೆಂಪಾದವು. ಅವರು ಮೂಗಿನಲ್ಲೇ ನಕ್ಕರು. ಹಬೆಯಿಲ್ಲ, ಹೊಗೆಯಿಲ್ಲ, ಇದೇನು ಅಡಿಗೆಯೋ ಹೆಣಕ್ಕೆ ಕಾಸುವ ನೀರೋ ಎಂದು ಚೇಷ್ಟೆ ಮಾಡಿದರು.

ಚೇಷ್ಟೆ ಮಾಡಿದವರೇ ಎರಡನೆಯ ವಾರ ಅದರ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಮಂದಿ ಟಿ.ವಿ. ನೋಡುವ ಹಾಗೆ ಗಾಜಿನೊಳಗೆ ನೋಡುತ್ತ ನನಗೆ ಹುಕುಂ ಕೊಡುವರು. ಕೋಳಿಯನ್ನು ಮೊದಲು ಎದೆ ಕೆಳಗೆ ಮಾಡಿ ಇಡು, ಬೆನ್ನಿನ ಕೊಬ್ಬು ಕರಗಿ ಎದೆಗೆ ಇಳಿಯಲಿ, ಅರ್ಧ ಆದ ಮೇಲೆ ಮಗುಚು. ಕೆಳಗಿನ ತಟ್ಟೆಗೆ ಒಂದು ಲೋಟ ನೀರು ಹಾಕು, ಇಲ್ಲದಿದ್ದರೆ ಒಣಗಿ ಕಟ್ಟಿಗೆಯಾಗುತ್ತದೆ. ಕಾರಂಜಾ ಜಲಾಶಯದ ಮೀನು ತಂದ ದಿನ ಅದರ ಬಾಲಕ್ಕೆ ಬೆಳ್ಳಿಕಾಗದ ಸುತ್ತಿಸಿದರು, ತೆಳ್ಳಗಿನ ಬಾಲ ಮೊದಲೇ ಕರಕಾಗುತ್ತದೆಂದು. ಕುರಿಯ ತೊಡೆ ಸುಡುವಾಗ ನಡುವೆ ಕರೆಂಟು ಹೋಯಿತು. ನಾನು ಬಾಗಿಲು ತೆಗೆಯಲು ಹೋದರೆ ಕೈ ಅಡ್ಡ ಮಾಡಿದರು, ಕಾವು ಒಳಗೇ ಇರಲಿ, ಮಾಂಸಕ್ಕೆ ಕರೆಂಟು ಹೋದದ್ದು ಗೊತ್ತಿಲ್ಲ ಎಂದರು. ಒಂದು ತಾಸಿಗೆ ಕರೆಂಟು ಬಂತು. ಎಲುಬಿನಿಂದ ಮಾಂಸ ತಾನಾಗಿ ಬಿಟ್ಟುಕೊಂಡಿತ್ತು. ಅವತ್ತು ಅವರ ಮುಖ ನೋಡಿ, ಈ ಮನುಷ್ಯ ಬದುಕಿಕೊಳ್ಳುತ್ತಾರೆ ಎಂದು ನನಗೆ ಅನ್ನಿಸಿತ್ತು.

ಸುಡುವುದನ್ನು ಕಲಿಸಿದರು, ತಿನ್ನಲು ಮಾತ್ರ ಆಗಲಿಲ್ಲ. ಬಣ್ಣ ನೋಡಿದರೆ ಹಬ್ಬ, ಬಾಯಿಗಿಟ್ಟರೆ ಬೂದಿ. ನಿಂಬೆ ಹಿಂಡಿದೆ, ಮೆಣಸು ಕುಟ್ಟಿ ಹಚ್ಚಿದೆ, ಬೆಳ್ಳುಳ್ಳಿ ಎರಡರಷ್ಟು ಮಾಡಿದೆ, ಕೊತ್ತಂಬರಿ, ಶುಂಠಿ, ಇದ್ದದ್ದೆಲ್ಲ ಹಾಕಿ ನೋಡಿದೆ. ಮೊದಲು ಅರ್ಧ ತಟ್ಟೆ ತಿನ್ನುತ್ತಿದ್ದವರು ನಾಲ್ಕು ತುತ್ತಿಗೆ ಇಳಿದರು, ಆಮೇಲೆ ಎರಡಕ್ಕೆ. ಬಾಯಲ್ಲಿ ಹಾಕಿಕೊಂಡು ಈ ದವಡೆಯಿಂದ ಆ ದವಡೆಗೆ ತಳ್ಳುತ್ತ ಕೂಡುವರು, ನಾನು ಆಚೆ ತಿರುಗಿದಾಗ ವಸ್ತ್ರದಲ್ಲಿ ಉಗುಳಿ ಮಡಿಚಿಡುವರು. ಆ ವಸ್ತ್ರ ಒಗೆಯುವವಳು ನಾನಲ್ಲವೇ, ನನಗೆ ತಿಳಿಯುವುದಿಲ್ಲವೇ? ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂಬ ಗಾದೆಯನ್ನು ಮೂವತ್ತು ವರ್ಷ ಮಕ್ಕಳಿಂದ ಹೇಳಿಸಿದ್ದೆ. ಅದರ ಅರ್ಥ ಆ ವಸ್ತ್ರದಲ್ಲಿತ್ತು.

ಆ ಶನಿವಾರ ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದಳು. ತೂಕ ಇಳಿಯುತ್ತಿದೆ, ರಕ್ತದಲ್ಲಿ ಸತ್ವವಿಲ್ಲ, ಹೀಗೇ ಆದರೆ ಯಂತ್ರದ ಮೇಲೆ ಮಲಗಿಸುವುದೂ ಕಷ್ಟ, ಹೇಗಾದರೂ ಮಾಡಿ ತಿನ್ನಿಸಿ ಎಂದಳು. ಅವಳು ಹೇಳಿದ್ದು ಒಳ್ಳೆಯದಕ್ಕೇ. ನನಗೆ ಮಾತ್ರ ಬಸ್ಸಿನುದ್ದಕ್ಕೂ ಸಿಟ್ಟು ಏರುತ್ತಲೇ ಇತ್ತು. ಅವರು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಕುತ್ತಿಗೆಯ ನರಗಳು ಎದ್ದು ಕಾಣುತ್ತಿದ್ದವು. ಮನೆಗೆ ಬಂದು ಬೆಳಗಿನ ಕೋಳಿಯನ್ನು ಬಿಸಿ ಮಾಡಿ ಮುಂದಿಟ್ಟೆ. ಒಂದು ಚೂರು ಮುರಿದು ಬಾಯಿಗಿಟ್ಟು, ತಟ್ಟೆಯನ್ನು ಮೆಲ್ಲಗೆ ಸರಿಸಿದರು. ನಾನು ಆ ತಟ್ಟೆ ಎತ್ತಿ ಬಚ್ಚಲಿಗೆ ಒಗೆದೆ.

"ತಿನ್ನಂಗಿದ್ರ ತಿನ್ರಿ, ಇಲ್ಲಾಂದ್ರ ಸಾಯ್ರಿ. ನನ್ನ ಕೈಲೆ ಇನ್ನ ಆಗಂಗಿಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಸಿಟ್ಟಾಗಲಿಲ್ಲ. ಬಚ್ಚಲ ತನಕ ಗೋಡೆ ಹಿಡಿದುಕೊಂಡು ಹೋಗಿ ಬಿದ್ದ ತಟ್ಟೆಯನ್ನು ಎತ್ತಿ ತೊಳೆದು ಕಟ್ಟೆಯ ಮೇಲಿಟ್ಟರು. "ನಾಳಿ ಮಾಡು, ತಿಂತೀನಿ" ಎಂದು ಹೇಳಿ ಹೋಗಿ ಮಲಗಿದರು. ನನಗೆ ನನ್ನ ಮೇಲೆಯೇ ಹೇಸಿಕೆಯಾಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಕಿರಾಣಿ ಅಂಗಡಿಗೆ ಹೋದೆ.

ಅಂಗಡಿಯವ ನಮ್ಮ ಶಾಲೆಯಲ್ಲಿ ಓದಿದವ, ನನ್ನನ್ನು ಈಗಲೂ ಟೀಚರ್ ಅನ್ನುತ್ತಾನೆ. ಡಾಕ್ಟರರು ಉಪ್ಪು ಬೇಡ ಎಂದಿದ್ದಾರೆ, ಉಪ್ಪಿಲ್ಲದೆ ಉಪ್ಪಿನ ರುಚಿ ಬರುವುದು ಏನಾದರೂ ಇದೆಯೇ ಎಂದು ಕೇಳಿದೆ. ಯಾರಿಗೆ, ಯಾಕೆ ಎಂದ. ಕಿಡ್ನಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಿಡ್ನಿ ಎಂದ ಕೂಡಲೇ ಜನ ಬದುಕಿರುವವರನ್ನು ಸತ್ತವರ ಹಾಗೆ ಮಾತಾಡಿಸುತ್ತಾರೆ. ಬಿ.ಪಿ. ಎಂದೆ. ಅವನು ಮೇಲಿನ ಹಲಗೆಯಿಂದ ಒಂದು ಪಾಕೀಟು ತೆಗೆದುಕೊಟ್ಟ. ಬಿ.ಪಿ. ಇದ್ದವರೆಲ್ಲ ಇದನ್ನೇ ಒಯ್ಯುತ್ತಾರೆ, ಇದರಲ್ಲಿ ಸೋಡಿಯಂ ಕಡಿಮೆ ಎಂದ. ಅವನದೇನೂ ತಪ್ಪಿಲ್ಲ. ನಾನು ಕೇಳಿದ್ದಕ್ಕೆ ಸರಿಯಾದದ್ದನ್ನೇ ಕೊಟ್ಟ.

ಪಾಕೀಟಿನ ಹಿಂದೆ ಇರುವೆಯ ಕಾಲಿನಂಥ ಅಕ್ಷರಗಳಿದ್ದವು. ಕನ್ನಡಕ ಮನೆಯಲ್ಲಿತ್ತು. ಮನೆಗೆ ಬಂದ ಮೇಲೂ ಹಾಕಿಕೊಂಡು ಓದಲಿಲ್ಲ. ಭಜ್ಜಿ ಕಟ್ಟಿಕೊಟ್ಟ ಕಾಗದವನ್ನೂ ಓದದೆ ಎಸೆಯಬೇಡಿ ಎಂದು ಮಕ್ಕಳಿಗೆ ಹೇಳುತ್ತಿದ್ದವಳು ನಾನು.

ಅದು ಉಪ್ಪೇ ಅಲ್ಲ ಎಂದುಕೊಂಡ ಮೇಲೆ ಕೈ ಹಿಡಿಯುವುದೇಕೆ? ಸಂಜೆಯೇ ಒಂದು ಎಳೆಯ ಕೋಳಿ ತಂದು, ಚರ್ಮ ಸಮೇತ ತೊಳೆದು ಒರೆಸಿ, ಹೊರಗೂ ಒಳಗೂ ಮುಷ್ಟಿ ಮುಷ್ಟಿ ಹಚ್ಚಿದೆ. ತೊಡೆಯ ಸಂದಿಗೆ, ರೆಕ್ಕೆಯ ಬುಡಕ್ಕೆ, ಚರ್ಮದ ಕೆಳಗೆ ಬೆರಳು ತೂರಿಸಿ ಹಚ್ಚಿದೆ. ಅದರ ಮೇಲೆ ಶುಂಠಿ ಬೆಳ್ಳುಳ್ಳಿ, ಮೆಣಸು. ರವಿವಾರ ಮಧ್ಯಾಹ್ನ ಅವರೇ ಸ್ಟೂಲು ಎಳೆದುಕೊಂಡು ಓವನ್ನಿನ ಮುಂದೆ ಕೂತರು. ಎದೆ ಕೆಳಗೆ ಮಾಡಿ ಇಟ್ಟೆ, ಅರ್ಧಕ್ಕೆ ಮಗುಚಿದೆ, ಕೆಳಗಿಳಿದ ರಸವನ್ನು ಚಮಚೆಯಿಂದ ಮೇಲೆ ಮೇಲೆ ಹೊಯ್ದೆ. ತೊಡೆಗೆ ಸಳಿ ಚುಚ್ಚಿದಾಗ ರಸ ತಿಳಿಯಾಗಿ ಬಂತು. ಹೊರತೆಗೆದು ಹತ್ತು ನಿಮಿಷ ಮುಚ್ಚಿಟ್ಟೆ, ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ತಟ್ಟೆಗೆ ಹೋಗುತ್ತದೆಂದು ಅವರೇ ಕಲಿಸಿದ್ದರು. ಚರ್ಮ ಹುರಿದ ಶೇಂಗಾ ಸಿಪ್ಪೆಯ ಬಣ್ಣಕ್ಕೆ ಬಂದಿತ್ತು. ಪಾಕೀಟಿನ ಸಂಗತಿ ನಾನು ಮೊದಲೇ ಹೇಳಿರಲಿಲ್ಲ. ಮುಚ್ಚಳ ತೆಗೆದಾಗ ಅವರು ಹಬೆಗೆ ಮೂಗು ಕೊಟ್ಟು, ನನ್ನ ಮುಖ ನೋಡಿದರು. ಡಾಕ್ಟರರು ಒಪ್ಪುವಂಥ ಉಪ್ಪು ಸಿಕ್ಕಿದೆ ಎಂದೆ. ಡಾಕ್ಟರರನ್ನು ಕೇಳಿರಲಿಲ್ಲ. ಕೇಳಬೇಕೆಂದು ಹೊಳೆಯಲೂ ಇಲ್ಲ.

ಮೊದಲ ತುತ್ತು ಬಾಯಿಗಿಟ್ಟು ಮೆಲ್ಲಗೆ ಅಗಿದರು. ನಾನು ಎದುರಿಗೆ ನೆಲದ ಮೇಲೆ ಕೂತು, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗಿಯ ಹಾಗೆ ನೋಡುತ್ತಿದ್ದೆ. ಅವರು ನುಂಗಿದರು.

"ಉಪ್ಪು ಸರಿ ಅದ," ಎಂದರು.

ಎಷ್ಟು ತಿಂಗಳಾಗಿತ್ತು ಆ ಮಾತು ಕೇಳಿ! ನಾನು ಅತ್ತೆ. ಅತ್ತುಕೊಂಡೇ ನಗುತ್ತ, ನನಗೂ ಒಂದು ಚೂರು ಕೊಡಿ, ನೋಡುತ್ತೇನೆ ಎಂದು ಕೈ ಚಾಚಿದೆ. ಅವರು ತಟ್ಟೆಯನ್ನು ತಮ್ಮ ಎದೆಯ ಕಡೆಗೆ ಎಳೆದುಕೊಂಡರು. "ನೀ ತಿನ್ನಬ್ಯಾಡ. ನನಗ ಬೇಕು." ಸಣ್ಣ ಮಕ್ಕಳು ಲಡ್ಡು ಅಡಗಿಸಿದ ಹಾಗೆ ಕಂಡಿತು ನನಗೆ. ಜೀವ ತಣ್ಣಗಾಯಿತು. ತಿನ್ನಲಿ, ಎಲ್ಲ ಅವರೇ ತಿನ್ನಲಿ ಎಂದು ಅವತ್ತು ನಾನು ಬೆಳಗಿನ ಬೇಳೆಯಲ್ಲೇ ರೊಟ್ಟಿ ಉಂಡೆ. ಅರ್ಧಕ್ಕಿಂತ ಹೆಚ್ಚು ಕೋಳಿ ತಿಂದರು, ಉಳಿದದ್ದನ್ನು ನನಗೇ ತೆಗೆದಿಡು, ಯಾರಿಗೂ ಕೊಡಬೇಡ ಎಂದರು. ಎದ್ದು ಹೋಗಿ ನಾಲ್ಕೈದು ಸಲ ಬಾಯಿ ಮುಕ್ಕಳಿಸಿ ಉಗುಳಿದರು, ಟವೆಲ್ಲಿನಿಂದ ನಾಲಗೆ ಒರೆಸಿಕೊಂಡರು. ನೀರು ಕುಡಿಯುವ ಹಾಗಿಲ್ಲವಲ್ಲ, ದಾಹಕ್ಕೆ ಹಾಗೆ ಮಾಡುತ್ತಾರೆ ಎಂದುಕೊಂಡೆ. ಮಗಳಿಗೆ ಫೋನು ಮಾಡಿ ನಿಮ್ಮಪ್ಪ ಇವತ್ತು ಹೊಟ್ಟೆ ತುಂಬ ಉಂಡರು ಎಂದು ಹೇಳಿದೆ. ಅವಳೂ ಅತ್ತಳು.

ಸೋಮವಾರ ಬೆಳಿಗ್ಗೆ ಉಳಿದದ್ದನ್ನೂ ಬಿಸಿ ಮಾಡಿಕೊಟ್ಟೆ. ತಿಂದರು. ಹನ್ನೊಂದರ ಸುಮಾರಿಗೆ ಕಾಲಲ್ಲಿ ಶಕ್ತಿಯಿಲ್ಲ ಎಂದರು. ಎಬ್ಬಿಸಿ ನಿಲ್ಲಿಸಿದರೆ ಮೊಣಕಾಲು ಒದ್ದೆ ಬಟ್ಟೆಯ ಹಾಗೆ ಮಡಚಿತು. ತುಟಿ ಮರಗಟ್ಟಿದೆ ಎಂದರು. ಓಣಿಯವರೊಬ್ಬರ ಜೀಪಿನಲ್ಲಿ ಹಾಕಿಕೊಂಡು ಹುಮನಾಬಾದಿಗೆ ಓಡಿದೆವು. ರಾಜೇಶ್ವರ ದಾಟುವಾಗ ನನ್ನ ತೊಡೆಯ ಮೇಲಿದ್ದ ಅವರ ತಲೆ ಭಾರವಾಗುತ್ತ ಬಂತು.

ದವಾಖಾನೆಯಲ್ಲಿ ಎಲ್ಲರೂ ಓಡಾಡಿ ಮಾಡುವುದನ್ನೆಲ್ಲ ಮಾಡಿದರು. ಎದೆಗೆ ತಂತಿ ಅಂಟಿಸಿದರು, ಸೂಜಿ ಚುಚ್ಚಿದರು, ಯಂತ್ರ ಸಜ್ಜು ಮಾಡತೊಡಗಿದರು. ಡಾಕ್ಟರರು ಕಾಗದ ನೋಡಿ, ಪೊಟ್ಯಾಸಿಯಂ ಬಹಳ ಏರಿದೆ, ಎದೆ ಬಡಿತ ಅದರಿಂದಲೇ ಕೆಟ್ಟಿದೆ, ಬಾಳೆಹಣ್ಣು ಎಳನೀರು ಏನಾದರೂ ತಗೊಂಡರೇನು ಎಂದು ಕೇಳಿದರು. ನಾನು ಇಲ್ಲ ಎಂದೆ. ಉಪ್ಪಿಲ್ಲದ ಕೋಳಿ ಬಿಟ್ಟು ಬೇರೇನೂ ಇಲ್ಲ ಎಂದೆ. ಆ ಪಾಕೀಟು ನನ್ನ ಲೆಕ್ಕದಲ್ಲಿ ಉಪ್ಪೇ ಆಗಿರಲಿಲ್ಲ. ಎಲ್ಲೋ ಏನೋ ತಗೊಂಡಿರಬೇಕು, ಇಲ್ಲದೆ ಇಷ್ಟು ಏರುವುದಿಲ್ಲ ಎಂದರು ಡಾಕ್ಟರರು. ನನಗೆ ತಟ್ಟನೆ ಸಿಟ್ಟು ನೆತ್ತಿಗೇರಿತು. ಇಷ್ಟು ದಿನ ಪಡಿಪಾಟಲು ಪಟ್ಟು ಕಾದದ್ದನ್ನು ಈ ಮನುಷ್ಯ ಕದ್ದು ತಿಂದು ಹಾಳು ಮಾಡಿಕೊಂಡರಲ್ಲ! ಮಗಳು ಪಕ್ಕದಲ್ಲೇ ನಿಂತಿದ್ದಳು. ಅವಳೆದುರಿಗೇ ನಾನು ಮಂಚದ ಮೇಲೆ ಬಗ್ಗಿ ಅವರನ್ನು ಗದರಿದೆ.

"ಖರೆ ಹೇಳ್ರಿ. ಎಳನೀರು ಕುಡದ್ರಿಲ್ಲ?"

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಹೂಂ," ಎಂದರು. "ಒಂದು ಕುಡದೀನಿ."

ಅದೇ ಕಡೆಯ ಮಾತು. ಯಂತ್ರಕ್ಕೆ ಹಚ್ಚುವ ಮೊದಲೇ ಹೋದರು.

ಕಲ್ಯಾಣಕ್ಕೆ ತಂದು ಮಣ್ಣು ಮಾಡಿದೆವು. ಮಾತಾಡಿಸಲು ಬಂದವರಿಗೆಲ್ಲ ನಾನು ಒಂದೇ ಕತೆ ಹೇಳಿದೆ. ಬಾಯಿ ಕಟ್ಟಲಿಕ್ಕೆ ಆಗಲಿಲ್ಲ, ಕದ್ದು ಎಳನೀರು ಕುಡಿದರು, ಜೀವ ಕಳೆದುಕೊಂಡರು ಎಂದೆ. ಕಂದೂರಿ ಮಾಡಿಸಿದ ಊರುಗಳಿಂದ ಜನ ಬಂದರು, ಅವರಿಗೂ ಹೇಳಿದೆ. ಹೇಳುವಾಗ ಅಳುವಿಗಿಂತ ಸಿಟ್ಟೇ ಹೆಚ್ಚು ಇರುತ್ತಿತ್ತು. ಜನ ಲೊಚಗುಟ್ಟಿ, ಆಸೆ ಕೆಟ್ಟದ್ದು ಎಂದು ಹೋದರು. ಹತ್ತು ದಿನ ನಾನು ಸತ್ತ ಗಂಡನ ಮೇಲೆ ಊರಿನ ಮುಂದೆ ಚಾಡಿ ಹೇಳಿದೆ.

ಹನ್ನೊಂದನೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನು ಮಾಡಿ ಎಡೆ ಇಡುವುದು ನಮ್ಮಲ್ಲಿ ರೂಢಿ. ಅಪ್ಪ ಕಡೆಗೆ ಹೊಟ್ಟೆ ತುಂಬ ಉಂಡದ್ದನ್ನೇ ಮಾಡೋಣ ಎಂದಳು ಮಗಳು. ಇನ್ನು ಅವರಿಗೆ ಯಾವ ಪಥ್ಯವೂ ಇಲ್ಲ, ಮಾಮೂಲು ಉಪ್ಪನ್ನೇ ಹಾಕಬಹುದಿತ್ತು. ಆದರೆ ಅವರು ಸರಿ ಇದೆ ಎಂದಿದ್ದು ಆ ಪಾಕೀಟಿನ ಉಪ್ಪಿಗೆ. ಅರ್ಧ ಉಳಿದಿತ್ತು. ಅಷ್ಟೇ ಹದದಲ್ಲಿ, ಅಷ್ಟೇ ಮುಷ್ಟಿ ಹಚ್ಚಿ, ಎದೆ ಕೆಳಗೆ ಮಾಡಿ ಇಟ್ಟೆ. ಸ್ಟೂಲು ಓವನ್ನಿನ ಮುಂದೆಯೇ ಇತ್ತು, ಯಾರೂ ತೆಗೆದಿರಲಿಲ್ಲ. ಎಡೆಯ ಅಡಿಗೆಯನ್ನಂತೂ ರುಚಿ ನೋಡುವ ಮಾತೇ ಇಲ್ಲ. ಮಣ್ಣು ಮಾಡಿದಲ್ಲಿ ಒಯ್ದು ಇಟ್ಟೆವು. ಕಾಗೆ ಕಾಯಿಸದೆ ಬಂತು, ಜೀವಕ್ಕೆ ಸಮಾಧಾನವಾಗಿದೆ ಎಂದರು ಹಿರಿಯರು. ಮನೆಗೆ ಬಂದು ಉಳಿದ ಕೋಳಿಯನ್ನು ಮಗಳಿಗೊಂದು ಚೂರು ಕೊಟ್ಟು ನಾನೊಂದು ಚೂರು ಬಾಯಿಗಿಟ್ಟುಕೊಂಡೆ.

ಕಹಿ. ಬರೀ ಕಹಿಯಲ್ಲ, ತುಕ್ಕು ಹಿಡಿದ ಕಬ್ಬಿಣವನ್ನು ನೆಕ್ಕಿದಂಥ ಕಹಿ. ಮಗಳು ಥೂ ಎಂದು ಉಗುಳಿ, ಅವ್ವಾ ಇದೇನು ಹೀಗಿದೆ ಎಂದು ನನ್ನ ಮುಖ ನೋಡಿದಳು. ನನ್ನ ಬಾಯಿಂದ ಬಂದದ್ದು ಮಾತ್ರ, ಕರಕಾಗಿದೆ, ಬಿಡು ಎಂಬ ಮಾತು. ಅವಳು ಬಾಯಿ ತೊಳೆಯಲು ಹೋದಾಗ ನಾನು ಕನ್ನಡಕ ಹಾಕಿಕೊಂಡು ಪಾಕೀಟಿನ ಹಿಂಭಾಗ ಓದಿದೆ. ಕಿಡ್ನಿ ಕಾಯಿಲೆಯವರು ಡಾಕ್ಟರರನ್ನು ಕೇಳದೆ ಬಳಸಬಾರದು. ಡಾಕ್ಟರರು ಏರಿದೆ ಎಂದಿದ್ದ ಪೊಟ್ಯಾಸಿಯಂ, ಆ ಶಬ್ದ ಎರಡು ಕಡೆ ಇತ್ತು.

ರೋಗದಿಂದ ನಾಲಗೆ ಕೆಟ್ಟಿತ್ತು, ಕಹಿ ಅವರಿಗೆ ತಿಳಿದಿರಲಿಕ್ಕಿಲ್ಲ ಎಂದು ಕೆಲವು ದಿನ ನನಗೆ ನಾನೇ ಹೇಳಿಕೊಂಡೆ. ಹಾಗಾದರೆ ತಟ್ಟೆಯನ್ನು ಯಾಕೆ ಎಳೆದುಕೊಂಡರು? ಯಾರಿಗೂ ಕೊಡಬೇಡ ಎಂದು ಯಾಕೆ ಹೇಳಿದರು? ಟವೆಲ್ಲಿನಿಂದ ನಾಲಗೆ ಒರೆಸಿಕೊಂಡದ್ದು ಯಾಕೆ? ವಿಷ ಎಂದು ಗೊತ್ತಿರಲಿಲ್ಲ, ಅದು ಖರೆ. ಕಹಿ ಎಂದು ಗೊತ್ತಿತ್ತು. ಹಿಂದಿನ ದಿನ ನಾನು ಸಾಯಿರಿ ಎಂದಿದ್ದೆ, ಅವತ್ತು ಎದುರಿಗೆ ಕೂತು ಬಾಯಿ ನೋಡುತ್ತಿದ್ದೆ. ಅದಕ್ಕೇ ನುಂಗಿದರು. ಇನ್ನು ಎಳನೀರು. ಶನಿವಾರ ಸಂಜೆಯಿಂದ ಸೋಮವಾರದ ತನಕ ಅವರು ಹೊಸ್ತಿಲು ದಾಟಿರಲಿಲ್ಲ. ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಿದ್ದವರಿಗೆ ಎಳನೀರು ಎಲ್ಲಿಂದ ಬರಬೇಕು? ಇಷ್ಟು ಸರಳ ಲೆಕ್ಕ ನನಗೆ ಹನ್ನೊಂದು ದಿನ ಹೊಳೆಯಲಿಲ್ಲ. ಏನು ಏರಿದೆ, ಯಾತರಿಂದ ಏರಿದೆ ಎಂದು ಆ ಮಂಚದ ಮೇಲೆ ಅವರಿಗೆ ಹೊಳೆದಿರಬೇಕು. ಹೊಳೆದೇ ಹೂಂ ಎಂದರು.

ಪಾಕೀಟನ್ನು ನಾನು ಎಸೆದಿಲ್ಲ, ಓವನ್ನಿನ ಒಳಗೆ ಇಟ್ಟು ಬಾಗಿಲು ಹಾಕಿದ್ದೇನೆ. ಓವನ್ ಹಚ್ಚುವುದಿಲ್ಲ. ಯಾರಾದರೂ ಒಯ್ಯುತ್ತೇವೆ ಎಂದು ಕೇಳಿದರೆ ಕೆಟ್ಟಿದೆ ಎನ್ನುತ್ತೇನೆ. ಅಡಿಗೆ ಮಾಡುವಾಗ ಈಗ ಪ್ರತಿಯೊಂದನ್ನೂ ರುಚಿ ನೋಡುತ್ತೇನೆ, ಹತ್ತು ಸಲ ನೋಡುತ್ತೇನೆ. ಒಬ್ಬಳಿಗೆ ಮಾಡುವ ಬೇಳೆಗೆ ಅಷ್ಟು ರುಚಿ ನೋಡಿದರೆ ಉಣ್ಣಲು ಏನು ಉಳಿದೀತು?

ಹೋದ ವಾರ ಪಿಂಚಣಿಯ ಕಾಗದಕ್ಕೆಂದು ಹುಮನಾಬಾದಿಗೆ ಹೋಗಿದ್ದೆ. ಮಗಳು ಬಸ್ ನಿಲ್ದಾಣಕ್ಕೆ ಕರೆಯಲು ಬಂದಿದ್ದಳು. ಹೊರಗೆ ಎಳನೀರಿನ ಬಂಡಿ ನಿಂತಿತ್ತು. ಅವಳು ಮುಖ ತಿರುಗಿಸಿಕೊಂಡು ಸರಸರ ನಡೆದಳು, ಆ ಬಂಡಿ ಕಂಡಾಗಲೆಲ್ಲ ಹಾಗೇ ಮಾಡುತ್ತಾಳೆ. ಮುಂದೆ ಹೋಗಿ ನಿಂತು ಕಣ್ಣು ಒರೆಸಿಕೊಂಡಳು.

"ನಾವು ಇಷ್ಟ ಮಾಡಿದ್ರೂ ಅಪ್ಪಗ ಬಾಯಿ ಕಟ್ಟಾಕ ಆಗಲಿಲ್ಲ ನೋಡವ್ವ. ಒಂದ ಎಳನೀರಿಗಿ ನಮ್ಮನ್ನ ಬಿಟ್ಟು ಹೋದ."

ಹೇಳಬೇಕೆಂದು ಬಾಯಿ ತೆರೆದೆ. ಅವಳು ನನ್ನ ಕೈ ಹಿಡಿದುಕೊಂಡು ನಿಂತಿದ್ದಳು.

"ಹೂಂ," ಎಂದೆ.